ಕಂಪನಿಯಿಂದಲೇ ಬರುವ ಕಾರ್ ಅಲಾರಂ ಮತ್ತು ಇಮೊಬಿಲೈಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಕಾರು ಮಾಲೀಕರು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಗಹನವಾದದ್ದು ಆಮೇಲೆ. ಶೋರೂಮಿನಿಂದ ಹೊರಬಿದ್ದ ಮೇಲೆ ಹಾಕಿಸಿಕೊಂಡ ಅಲಾರಂ ಬಗ್ಗೆ ಅಗತ್ಯವಿದ್ದಲ್ಲಿ ಮಾತ್ರ ಹೇಳಿದ್ದೇವೆ.

## ಮೊದಲು ತಿಳಿದಿರಬೇಕಾದ್ದು

ಅಲಾರಂ, ಇಮೊಬಿಲೈಸರ್ ಎರಡೂ ಒಂದೇ ಅಲ್ವಾ?

ಅಲ್ಲ. ಅಲಾರಂ ಸದ್ದು ಮಾಡುತ್ತದೆ, ಅಷ್ಟೇ. ಬಾಗಿಲು, ಡಿಕ್ಕಿ, ಬಾನೆಟ್ ತೆರೆದದ್ದು ಗೊತ್ತಾದರೆ ಹಾರನ್ ಬಡಿದು ಇಂಡಿಕೇಟರ್ ಮಿಣುಕಿಸುತ್ತದೆ. ಅದನ್ನು ನೋಡಿಕೊಳ್ಳುವುದು ಬಿಸಿಎಂ, ಅಂದರೆ ಬಾಡಿಯ ವಿದ್ಯುತ್ ಕೆಲಸಗಳ ಪೆಟ್ಟಿಗೆ. ಇಮೊಬಿಲೈಸರ್ ಸದ್ದೇ ಮಾಡುವುದಿಲ್ಲ. ಹಾಕಿದ ಕೀ ತನ್ನದಲ್ಲ ಎಂದು ಕಂಡರೆ ಎಂಜಿನ್ನಿನ ಕಂಪ್ಯೂಟರ್ (ಮೆಕ್ಯಾನಿಕ್‌ಗಳ ಬಾಯಲ್ಲಿ ಇಸಿಎಂ) ಇಂಜೆಕ್ಟರಿಗೆ ಪೆಟ್ರೋಲನ್ನೋ ಡೀಸೆಲನ್ನೋ ಬಿಡುವುದಿಲ್ಲ.

ಕಳ್ಳನಿಗೆ ನಿಜವಾಗಿ ಅಡ್ಡ ಬರುವುದು ಎರಡನೆಯದು. ಸಂತೆಪೇಟೆಯಲ್ಲಿ ಕಾರೊಂದು ಕೂಗಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ನಂದು ಬೇಸ್ ಮಾಡೆಲ್, ರಿಮೋಟೇ ಕೊಟ್ಟಿಲ್ಲ. ಹಂಗಾದ್ರೆ ಇಮೊಬಿಲೈಸರೂ ಇಲ್ವಾ?

ಬಹುಪಾಲು ಇರುತ್ತದೆ. ರಿಮೋಟ್ ಲಾಕ್, ಅಲಾರಂ ಮೇಲಿನ ಮಾಡೆಲ್‌ಗಳಿಗೆ ಮೀಸಲಾದರೂ ಇಮೊಬಿಲೈಸರನ್ನು ಎಲ್ಲ ಮಾಡೆಲ್‌ಗೂ ಕೊಡುವ ರೂಢಿ ಇದೆ. ಮಾರುತಿಯವರು ಐಕ್ಯಾಟ್ಸ್ ಎಂದು ಹೆಸರಿಟ್ಟು ಮಾರಿದ್ದು ಇದನ್ನೇ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಕೀ ಅಥವಾ ಬೀಗದ ಗುರುತಿನ ದೀಪ ಹತ್ತಿ, ಒಂದೆರಡು ಸೆಕೆಂಡಿಗೆ ಆರುತ್ತದೆಯೇ ನೋಡಿ. ಹಾಗೆ ಆದರೆ ಇಮೊಬಿಲೈಸರ್ ಇದೆ. ಇನ್ನೊಂದು ಸೂಚನೆ: ಬರೀ ಕಬ್ಬಿಣ ಕೆತ್ತಿಸಿದ ಡೂಪ್ಲಿಕೇಟ್ ಕೀ ಬಾಗಿಲು ತೆಗೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ.

ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ರಾತ್ರಿಯೆಲ್ಲ ಮಿಣುಕ್ತಾನೇ ಇರುತ್ತೆ. ಬ್ಯಾಟರಿ ಇಳಿಯಲ್ವಾ?

ಆ ದೀಪದಿಂದ ಇಳಿಯುವುದಿಲ್ಲ. ಅದು ಕೆಲವೇ ಮಿಲಿಆಂಪಿನ ಎಲ್‌ಇಡಿ, ಅದೂ ಕ್ಷಣಮಾತ್ರ ಹತ್ತಿ ಆರುವಂಥದ್ದು. ಆದರೆ ಬಿಸಿಎಂ, ರಿಮೋಟ್ ರಿಸೀವರ್, ಗಡಿಯಾರ ಎಲ್ಲ ಸೇರಿ ನಿಂತ ಕಾರು 20ರಿಂದ 50 ಮಿಲಿಆಂಪ್ ಎಳೆಯುತ್ತಲೇ ಇರುತ್ತದೆ. 30 ಮಿಲಿಆಂಪ್ ಎಂದುಕೊಂಡರೂ ದಿನಕ್ಕೆ ಸುಮಾರು 0.7 ಆಂಪ್-ಅವರ್, ತಿಂಗಳಿಗೆ 21ರ ಮೇಲೆ. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಮಗಳ ಮನೆಗೆಂದು ತಿಂಗಳುಗಟ್ಟಲೆ ವಿದೇಶಕ್ಕೆ ಹೋಗುವವರು ವಾರಕ್ಕೊಮ್ಮೆ ಯಾರಿಂದಲಾದರೂ ಅರ್ಧ ಗಂಟೆ ಗಾಡಿ ಓಡಿಸಲಿ, ಇಲ್ಲವೇ ನೆಗೆಟಿವ್ ಟರ್ಮಿನಲ್ ಬಿಚ್ಚಿಡಲಿ. ಬಿಚ್ಚಿದರೆ ಅಲಾರಂ ಸತ್ತಿರುತ್ತದೆ, ಇಮೊಬಿಲೈಸರ್ ಅಲ್ಲ. ಕರೆಂಟಿಲ್ಲದ ಎಂಜಿನ್ ಹೇಗೂ ಓಡದು, ಟರ್ಮಿನಲ್ ಮತ್ತೆ ಹಾಕಿದಾಗ ಅದು ಕೀ ಕೇಳಿಯೇ ಕೇಳುತ್ತದೆ.

## ಕೀ, ರಿಮೋಟ್, ಸೆಲ್ಲು

ಕೀ ಒಳಗಿನ ಚಿಪ್ಪಿಗೆ ಸೆಲ್ಲೇ ಇಲ್ಲ ಅಂತಾರೆ. ಮತ್ತೆ ಕೆಲಸ ಹೇಗೆ ಮಾಡುತ್ತೆ?

ಇಗ್ನಿಷನ್ ಬೀಗದ ಬಾಯಿಯ ಸುತ್ತ ಪ್ಲಾಸ್ಟಿಕ್ ಉಂಗುರದಲ್ಲಿ ತಾಮ್ರದ ಸುರುಳಿ ಇದೆ. ಕೀ ತಿರುಗಿಸಿದ ಕೂಡಲೇ ಆ ಸುರುಳಿಯಲ್ಲಿ 125 ಅಥವಾ 134 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರ ಏಳುತ್ತದೆ. ಕೀ ತಲೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪು, ಅದರೊಳಗೂ ಒಂದು ಸಣ್ಣ ಸುರುಳಿ. ಕಾಂತಕ್ಷೇತ್ರದಿಂದ ಅದಕ್ಕೆ ಬೇಕಾದಷ್ಟು ವಿದ್ಯುತ್ ಅಲ್ಲೇ ಹುಟ್ಟುತ್ತದೆ. ಹಾಗಾಗಿ ಈ ಚಿಪ್ಪು ಹತ್ತು, ಇಪ್ಪತ್ತು ವರ್ಷ ಏನೂ ಕೇಳುವುದಿಲ್ಲ. ಕೆಲಸ ಮಾಡುವ ದೂರ ಮಾತ್ರ ಕೆಲವೇ ಸೆಂಟಿಮೀಟರ್.

ಹಳೆಯ ಚಿಪ್ಪುಗಳು ಒಂದೇ ನಂಬರನ್ನು ಪ್ರತಿ ಸಲ ಒಪ್ಪಿಸುತ್ತಿದ್ದವು, ಅದನ್ನು ನಕಲು ಮಾಡುವುದು ಸುಲಭ. ಈಗಿನವು ಹಾಗಲ್ಲ. ಕಾರು ಪ್ರತಿ ಸಲ ಹೊಸದೊಂದು ಸಂಖ್ಯೆ ಕೊಟ್ಟು ಲೆಕ್ಕ ಹಾಕು ಎನ್ನುತ್ತದೆ. ಚಿಪ್ಪು ತನ್ನಲ್ಲಿರುವ ಗುಟ್ಟಿನ ಸಂಖ್ಯೆಯೊಂದಿಗೆ ಸೇರಿಸಿ ಲೆಕ್ಕ ಹಾಕಿ ಉತ್ತರ ಮಾತ್ರ ಕಳಿಸುತ್ತದೆ. ಕಾರೂ ಅದೇ ಲೆಕ್ಕ ಹಾಕಿರುತ್ತದೆ. ಎರಡೂ ತಾಳೆಯಾದರೆ ಎಂಜಿನ್ನಿಗೆ ಅನುಮತಿ. ಗುಟ್ಟಿನ ಸಂಖ್ಯೆ ಗಾಳಿಯಲ್ಲಿ ಹೋಗುವುದೇ ಇಲ್ಲ. ಇಂದಿನ ಉತ್ತರವನ್ನು ಕದ್ದು ಇಟ್ಟುಕೊಂಡರೂ ನಾಳೆಯ ಪ್ರಶ್ನೆಗೆ ಅದು ಒದಗದು.

ರಿಮೋಟ್ ಸೆಲ್ ಸತ್ತೋಗಿದೆ. ಮೇಲುಕೋಟೆಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಗಾಡಿ ಸ್ಟಾರ್ಟ್ ಆಗುತ್ತಾ?

ಆಗುತ್ತದೆ. ತಿರುಗಿಸುವ ಕೀ ಆದರೆ ಚಿಂತೆಯೇ ಇಲ್ಲ. ಬಾಗಿಲನ್ನು ಕೀಯಿಂದ ತೆಗೆದು ಸ್ಟಾರ್ಟ್ ಮಾಡಿ. ಸೆಲ್ಲು ಬೇಕಾದದ್ದು ದೂರದಿಂದ ಲಾಕ್ ಮಾಡಲು ಮಾತ್ರ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಸ್ಮಾರ್ಟ್ ಕೀಯ ಪಕ್ಕದ ಸಣ್ಣ ಗುಂಡಿ ಒತ್ತಿ ಎಳೆದರೆ ಒಳಗಿಂದ ಕಬ್ಬಿಣದ ಕೀ ಬರುತ್ತದೆ. ಚಾಲಕನ ಬಾಗಿಲ ಹಿಡಿಯಲ್ಲಿ ಕೀ ತೂತು ಇದೆ; ಕೆಲವು ಕಾರಿನಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮೆಲ್ಲಗೆ ಎಬ್ಬಬೇಕು. ಒಳಗೆ ಕೂತು ಬ್ರೇಕ್ (ಗೇರ್ ಗಾಡಿಯಾದರೆ ಕ್ಲಚ್ ಕೂಡ) ಒತ್ತಿ ಹಿಡಿದು, ಸ್ಟಾರ್ಟ್ ಬಟನ್ನಿಗೆ ಸ್ಮಾರ್ಟ್ ಕೀಯನ್ನೇ ತಾಗಿಸಿ, ಆಮೇಲೆ ಬಟನ್ ಒತ್ತಿ. ಮಾರುತಿ, ಹ್ಯುಂಡೈ, ಟೊಯೋಟಾ, ಹೋಂಡಾ ಬಹುತೇಕ ಹೀಗೆ. ಕೆಲವು ಯುರೋಪಿಯನ್ ಕಾರುಗಳಲ್ಲಿ ಸ್ಟೀರಿಂಗ್ ಕಂಬದ ಪಕ್ಕ ಅಥವಾ ಕಪ್ ಇಡುವ ಗುಳಿಯಲ್ಲಿ ಕೀ ತಾಗಿಸುವ ಜಾಗ ಇರುತ್ತದೆ. ನಿಮ್ಮ ಕಾರಿನದು ಎಲ್ಲಿ ಎಂದು ಊರಲ್ಲಿರುವಾಗಲೇ ಪುಸ್ತಕ ನೋಡಿ, ಒಂದು ಸಲ ಮಾಡಿಯೂ ನೋಡಿಕೊಳ್ಳಿ. ವೈರಮುಡಿ ಜನಜಂಗುಳಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಯೂಟ್ಯೂಬ್ ಹುಡುಕುವ ಪಾಡು ಬೇಡ.

ಯಾವ ಸೆಲ್ ತರ್ಬೇಕು? ಹಾಕಿದ್ಮೇಲೆ ಮತ್ತೆ ಪ್ರೋಗ್ರಾಂ ಮಾಡಿಸ್ಬೇಕಾ?

ಹಳೆಯ ಸೆಲ್ಲಿನ ಮೇಲೇ ನಂಬರ್ ಇರುತ್ತದೆ: ಸಿಆರ್2032, ಸಿಆರ್1620, ಸಿಆರ್1632, ಸಿಆರ್2016 ಇವುಗಳಲ್ಲಿ ಒಂದು. ಎಲ್ಲವೂ 3 ವೋಲ್ಟ್. ಮೊದಲ ಎರಡು ಅಂಕಿ ಅಗಲ, ಉಳಿದೆರಡು ದಪ್ಪ. 2032 ಎಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ. 2032ರ ಜಾಗದಲ್ಲಿ 2016 ಕೂರುತ್ತದೆ, ಆದರೆ ಸಡಿಲವಾಗಿ ಆಡುತ್ತಾ ಆಗಾಗ ಕೈಕೊಡುತ್ತದೆ. ಕವಚವನ್ನು ಸ್ಕ್ರೂಡ್ರೈವರಿನಿಂದ ಗುದ್ದಬೇಡಿ. ಚಪ್ಪಟೆ ತುದಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ಇಟ್ಟು ತಿರುವಿ. ಪ್ಲಸ್ ಮುಖ ಯಾವ ಕಡೆ ಇತ್ತೆಂದು ಫೋಟೋ ತೆಗೆದುಕೊಳ್ಳಿ. ಬೆವರು ಕೈಯಿಂದ ಸೆಲ್ಲಿನ ಎರಡೂ ಮುಖ ಮುಟ್ಟದೆ ಅಂಚು ಹಿಡಿದು ಹಾಕಿ. ಸೆಲ್ ಬದಲಿಸಿದ್ದಕ್ಕೆ ಪ್ರೋಗ್ರಾಂ ಬೇಕಿಲ್ಲ. ಬೇಕು ಎಂದು ಹಣ ಕೇಳುವವರ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಹೊಸ ಸೆಲ್ ಹಾಕಿದ್ರೂ ರಿಮೋಟ್ ಹೊಡೀತಿಲ್ಲ, ಯಾಕೆ?

ರಿಮೋಟ್ ಒತ್ತಿದ ಪ್ರತಿ ಸಲ ಕೋಡ್ ಬದಲಾಗುತ್ತದೆ, ಕಾರೂ ಎಣಿಕೆ ಇಟ್ಟಿರುತ್ತದೆ. ಮನೆಯಲ್ಲಿ ಮಗು ಆಟಕ್ಕೆಂದು ಒತ್ತುತ್ತಾ ಕೂತರೆ ರಿಮೋಟಿನ ಎಣಿಕೆ ಮುಂದೆ ಓಡಿ, ಕಾರಿನದು ಹಿಂದೆ ಉಳಿಯುತ್ತದೆ. ಸಾಮಾನ್ಯ ವ್ಯವಸ್ಥೆಯೊಂದರಲ್ಲಿ 16 ಒತ್ತಿನಷ್ಟು ಅಂತರವನ್ನು ಕಾರು ಮಾತಿಲ್ಲದೆ ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾದರೆ ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು, ಆಗ ಎಣಿಕೆ ಸರಿಹೋಗುತ್ತದೆ. ಆದ್ದರಿಂದ ಕಾರಿನ ಪಕ್ಕ ನಿಂತು ಎರಡು-ಮೂರು ಸಲ ಒತ್ತಿ ನೋಡುವುದೇ ಮೊದಲ ಮದ್ದು. ಅದಕ್ಕೂ ಆಗದಿದ್ದರೆ ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿ ಒತ್ತಿ.

ಒಂದು ಜಾಗದಲ್ಲಿ ಮಾತ್ರ ಕೆಲಸ ಮಾಡದಿದ್ದರೆ ತಪ್ಪು ರಿಮೋಟಿನದಲ್ಲ. ಅದು 433 ಮೆಗಾಹರ್ಟ್ಸಿನಲ್ಲಿ ಮಾತಾಡುತ್ತದೆ. ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟ್ ರಿಮೋಟ್, ಬೋರ್‌ವೆಲ್ ಮೋಟಾರಿನ ರಿಮೋಟ್ ಎಷ್ಟೋ ಅದೇ ಆವರ್ತನದವು. ಅಗ್ಗದ 12 ವೋಲ್ಟ್ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್ ಅಡಾಪ್ಟರುಗಳೂ ಕಾರಿನೊಳಗೆ ಗದ್ದಲ ಎಬ್ಬಿಸಿ ರಿಮೋಟಿನ ದೂರವನ್ನು ಕಡಿಮೆ ಮಾಡುತ್ತವೆ. ಒಮ್ಮೆ ಅವನ್ನು ಕಿತ್ತು ನೋಡಿ.

ಅನ್‌ಲಾಕ್ ಮಾಡಿದ್ದೆ, ಸ್ವಲ್ಪ ಹೊತ್ತಿಗೆ ತಾನೇ ಲಾಕ್ ಆಗೋಗಿತ್ತು!

ದೋಷವಲ್ಲ. ರಿಮೋಟಿನಿಂದ ತೆಗೆದು ಸುಮಾರು 30 ಸೆಕೆಂಡು ಯಾವ ಬಾಗಿಲೂ ತೆರೆಯದಿದ್ದರೆ ಜೇಬಲ್ಲಿ ಅರಿಯದೆ ಒತ್ತಿದ್ದು ಎಂದು ತಿಳಿದು ಕಾರು ಮತ್ತೆ ಲಾಕ್ ಆಗುತ್ತದೆ. ಕೀ ಸೀಟಿನ ಮೇಲೆ ಎಸೆದು ಹೊರಗೆ ಕಾರು ಒರೆಸುವವರು ಎಚ್ಚರ.

ಒಂದು ಕೀ ಕಳೆದುಹೋಯ್ತು. ಈಗೇನ್ ಮಾಡೋದು?

ಮೊದಲು ಪೊಲೀಸ್ ಠಾಣೆಯಲ್ಲಿ ಕಳೆದುಹೋದ ಬಗ್ಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಶೋರೂಮಿನವರು ಅದನ್ನು, ಜೊತೆಗೆ ಆರ್‌ಸಿ, ನಿಮ್ಮ ಗುರುತಿನ ಚೀಟಿ ಕೇಳುತ್ತಾರೆ. ಅವರು ಚಾಸಿಸ್ ನಂಬರಿನಿಂದ ಕೀ ತರಿಸಿ, ಕಂಪನಿಯ ಉಪಕರಣವನ್ನು ಕಾರಿಗೆ ಜೋಡಿಸಿ ನೋಂದಾಯಿಸುತ್ತಾರೆ. ಕೀ ಬರಲು ದಿನಗಳೇ ಹಿಡಿಯುವುದುಂಟು.

ಇಲ್ಲಿ ಎರಡು ಮಾತು ಮುಖ್ಯ. ಉಳಿದ ಕೀಗಳನ್ನೆಲ್ಲ ಜೊತೆಗೆ ಒಯ್ಯಿರಿ, ಏಕೆಂದರೆ ಎಷ್ಟೋ ಕಾರುಗಳಲ್ಲಿ ಹಳೆಯ ಪಟ್ಟಿ ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕು. ಮನೆಯಲ್ಲೇ ಬಿಟ್ಟ ಕೀ ಆಮೇಲೆ ಕೆಲಸಕ್ಕೆ ಬಾರದು. ಮತ್ತು ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಿದ್ದೀರಾ ಎಂದು ಬಾಯಿಬಿಟ್ಟು ಕೇಳಿ. ಅಳಿಸಿದ ಮೇಲೂ ಆ ಕೀ ಬಾಗಿಲು ತೆರೆದೀತು, ಎಂಜಿನ್ ಮಾತ್ರ ಏಳದು.

ಇರುವ ಒಂದೇ ಕೀಯೂ ಹೋದರೆ ಗಾಡಿಯನ್ನು ಎಳೆದು ತರಬೇಕು, ಕೆಲವಕ್ಕೆ ಬೀಗದ ಸೆಟ್ಟೇ ಬದಲಾಗಬೇಕು. ಎರಡನೇ ಕೀ ಇರುವಾಗಲೇ ಮೂರನೆಯದು ಮಾಡಿಸುವುದು ಯಾವಾಗಲೂ ಅಗ್ಗ.

ಕೀ ಮಾಡೋ ಅಂಗಡಿಯವನು ಶೋರೂಮಿನ ಅರ್ಧ ದುಡ್ಡಿಗೆ ಮಾಡ್ಕೊಡ್ತೀನಿ ಅಂತಾನೆ. ಮಾಡಿಸ್ಬಹುದಾ?

ತಿರುಗಿಸುವ ಚಿಪ್ ಕೀಗೆ, ಗುರುತಿರುವ ಅಂಗಡಿಯಾದರೆ ಸರಿ. ನಿಮ್ಮ ಎದುರಿಗೇ ಮಾಡಲಿ, ಕೀ ಬಿಟ್ಟು ಬರಬೇಡಿ. ಅವರು ಮಾಡುವುದು ಎರಡು ಬಗೆ. ಒಂದು, ಹಳೆಯ ಚಿಪ್ಪಿನ ತದ್ರೂಪಿ. ಕಾರಿಗೆ ಎರಡೂ ಒಂದೇ ಕೀ, ಹಾಗಾಗಿ ಕಳೆದರೆ ಅದೊಂದನ್ನೇ ಅಳಿಸಲು ಬರುವುದಿಲ್ಲ. ಇನ್ನೊಂದು, ಒಬಿಡಿ ಪೋರ್ಟಿನ (ಮೆಕ್ಯಾನಿಕ್ ತನ್ನ ಉಪಕರಣವನ್ನು ಕಾರಿಗೆ ಜೋಡಿಸುವ ಕಿಂಡಿ) ಮೂಲಕ ಹೊಸ ಕೀ ಸೇರಿಸುವುದು. ಈ ಎರಡನೆಯದೇ ಸರಿಯಾದ ದಾರಿ, ಕೇಳಿ ತಿಳಿದುಕೊಳ್ಳಿ.

## ಅಲಾರಂ ಬಡಿದುಕೊಂಡಾಗ

ರಿಮೋಟ್ ಕೆಟ್ಟಿತ್ತು, ಕೀಲೇ ಬಾಗಿಲು ತೆಗೆದೆ. ಬೀದಿಯೆಲ್ಲ ಎದ್ದು ಬಂತು. ನಂದೇ ಕಾರು, ನಂದೇ ಕೀ!

ರಿಮೋಟಿನಿಂದ ಲಾಕ್ ಮಾಡಿ ಕೀಯಿಂದ ತೆಗೆದರೆ ಬಹಳಷ್ಟು ಕಾರುಗಳು ಅದನ್ನು ಕಳ್ಳತನ ಎಂದೇ ತಿಳಿಯುತ್ತವೆ. ಗಾಬರಿಯಾಗಬೇಡಿ. ಕೀಯನ್ನು ಇಗ್ನಿಷನ್‌ಗೆ ಹಾಕಿ ಆನ್ ಮಾಡಿ. ಚಿಪ್ಪಿನ ಗುರುತು ಸಿಕ್ಕ ಕೂಡಲೇ ಸದ್ದು ನಿಲ್ಲುತ್ತದೆ. ಬಟನ್ ಸ್ಟಾರ್ಟ್ ಆದರೆ ಬಟನ್ನಿಗೆ ಕೀ ತಾಗಿಸಿ ಒತ್ತಿ. ಯಾರನ್ನಾದರೂ ಒಳಗೆ ಕೂರಿಸಿ ರಿಮೋಟಿನಿಂದ ಲಾಕ್ ಮಾಡಿ ಹೋದಾಗ ಅವರು ಒಳಗಿಂದ ಬಾಗಿಲು ತೆಗೆದರೂ ಇದೇ ಗತಿ. ಮಗುವನ್ನಂತೂ ಲಾಕ್ ಮಾಡಿದ ಕಾರಿನಲ್ಲಿ ಬಿಡುವ ಮಾತೇ ಇಲ್ಲ.

ಯಾರೂ ಮುಟ್ಟಿರಲ್ಲ, ರಾತ್ರಿ ಎರಡು ಗಂಟೆಗೆ ತಾನೇ ಬಡ್ಕೊಳ್ಳುತ್ತೆ. ಏನ್ ಕಾರಣ?

ಹೆಚ್ಚಿನ ಪಾಲು ಬಾನೆಟ್ ಸ್ವಿಚ್ಚು. ಬಾನೆಟ್ ಲಾಚಿನ ಬಳಿ, ಗ್ರಿಲ್ಲಿನ ಹಿಂದೆ ಇರುವ ಈ ಸ್ವಿಚ್ಚಿಗೆ ಮಳೆ ನೀರು, ಕೆಸರು, ವಾಟರ್ ವಾಶ್ ಅಂಗಡಿಯ ಪ್ರೆಶರ್ ನೀರು ಎಲ್ಲ ನೇರ ಹೊಡೆಯುತ್ತವೆ. ಒಳಗೆ ಕಿಲುಬು ಹಿಡಿದರೆ ಮುಚ್ಚಿದ ಬಾನೆಟ್ಟೂ ತೆರೆದಂತೆ ಕಾಣುತ್ತದೆ. ರಾತ್ರಿ ತಂಪಿಗೆ ಲೋಹ ಕುಗ್ಗಿದಾಗ ಸಂಪರ್ಕ ತಪ್ಪುತ್ತದೆ, ಹಾಗಾಗಿಯೇ ಆ ಹೊತ್ತು.

ಯಾವುದರಿಂದ ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಹಗಲಲ್ಲಿ ಎಲ್ಲ ಬಾಗಿಲು ಮುಚ್ಚಿ ರಿಮೋಟಿನಿಂದ ಲಾಕ್ ಮಾಡಿ, ಪೂರ್ತಿ ಒಂದು ನಿಮಿಷ ಕಾಯಿರಿ, ಏಕೆಂದರೆ ಲಾಕ್ ಆಗಿ 20ರಿಂದ 30 ಸೆಕೆಂಡು ಕಳೆದ ಮೇಲೇ ಅಲಾರಂ ಕಾವಲಿಗೆ ನಿಲ್ಲುವುದು. ಈಗ ಬಾನೆಟ್ಟನ್ನು ಅಂಗೈಯಿಂದ ಒತ್ತಿ, ಮೇಲಕ್ಕೆ ಎಳೆದು ಅಲುಗಿಸಿ. ಆಮೇಲೆ ಡಿಕ್ಕಿ, ನಂತರ ಒಂದೊಂದೇ ಬಾಗಿಲು. ಯಾವುದಕ್ಕೆ ಕೂಗಿತೋ ಅದೇ ಅಪರಾಧಿ.

ಬಾನೆಟ್ ಆದರೆ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಒಣಗಿಸಿ. ಬಾನೆಟ್ ಕೂರುವ ರಬ್ಬರ್ ಗುಂಡಿಗಳು ಸವೆದಿದ್ದರೆ ಅರ್ಧ ಸುತ್ತು ತಿರುಗಿಸಿ ಎತ್ತರ ಸರಿಮಾಡಿ. ಮುಂದೆ ಗುದ್ದಿಸಿ ಟಿಂಕರಿಂಗ್ ಮಾಡಿಸಿದ ಗಾಡಿಯಲ್ಲಿ ಲಾಚ್ ಎರಡು ಮಿಲಿಮೀಟರ್ ಆಚೀಚೆ ಆಗಿರುವುದೇ ಹೆಚ್ಚು. ಬಾಗಿಲಾದರೆ ದೋಷ ಹಿಂಜಿನ ಬಳಿಯ ರಬ್ಬರ್ ಕೊಳವೆಯೊಳಗಿನ ವೈರಿನದ್ದೂ ಇರಬಹುದು. ತೆಗೆದು ಹಾಕಿ ತೆಗೆದು ಹಾಕಿ ಅದು ಒಳಗೇ ತುಂಡಾಗುತ್ತದೆ.

ಮಂಡ್ಯ, ಪಾಂಡವಪುರ ಕಡೆ ಇನ್ನೊಂದು ಕಾಟ ಇಲಿ. ಕಬ್ಬು ಕಡಿದ ಮೇಲೆ ಗದ್ದೆಯ ಇಲಿ ನೆಲೆ ಹುಡುಕಿ ಬರುತ್ತದೆ, ಬಿಸಿ ಎಂಜಿನ್ ಅದಕ್ಕೆ ಬೆಚ್ಚನೆ ಗೂಡು. ಬಾನೆಟ್ ಸ್ವಿಚ್ಚಿನ ಸಣ್ಣ ವೈರು ಅದರ ಹಲ್ಲಿಗೆ ಮೊದಲು ಸಿಗುತ್ತದೆ. ಎಂಜಿನ್ ಮೇಲೆ ಕಬ್ಬಿನ ತರಗು, ಹಿಕ್ಕೆ ಕಂಡರೆ ಸ್ವಿಚ್ಚು ಬದಲಿಸುವ ಮೊದಲು ವೈರು ನೋಡಿಸಿ.

ದಸರಾ ಪಟಾಕಿಗೆ, ತಮಟೆಗೆ ಪಕ್ಕದ ಕಾರು ಕೂಗುತ್ತೆ, ನಮ್ದು ಕೂಗಲ್ಲ. ನಮ್ದು ಕೆಟ್ಟಿದೆಯಾ?

ಇಲ್ಲ. ಪಕ್ಕದವರದ್ದು ಹೊರಗೆ ಹಾಕಿಸಿದ್ದಿರಬೇಕು. ಅದರಲ್ಲಿ ಅದುರು ಹಿಡಿಯುವ ಸೆನ್ಸರ್ ಇರುತ್ತದೆ. ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಕಾರುಗಳ ಕಂಪನಿ ಅಲಾರಂ ಬಾಗಿಲು, ಡಿಕ್ಕಿ, ಬಾನೆಟ್ ಸ್ವಿಚ್ಚುಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಗಾಜು ಒಡೆದು ಬ್ಯಾಗ್ ಎತ್ತಿಕೊಂಡರೆ ಅದು ತೆಪ್ಪಗಿರುತ್ತದೆ. ದೊಡ್ಡಕೆರೆ ಮೈದಾನದಲ್ಲಿ ನಿಲ್ಲಿಸಿ ವಸ್ತುಪ್ರದರ್ಶನಕ್ಕೆ ಹೋಗುವಾಗ ಲ್ಯಾಪ್‌ಟಾಪನ್ನು ಸೀಟಿನ ಮೇಲೆ ಬಿಡಬೇಡಿ. ದುಬಾರಿ ಕಾರುಗಳಲ್ಲಿ ಒಳಗಿನ ಚಲನೆ ಹಿಡಿಯುವ ಅಲ್ಟ್ರಾಸೋನಿಕ್ ಸೆನ್ಸರ್, ಎಳೆದೊಯ್ದರೆ ತಿಳಿಯುವ ಓರೆ ಸೆನ್ಸರ್ ಇರುತ್ತವೆ. ಅಂಥ ಕಾರಿನಲ್ಲಿ ಕಿಟಕಿ ಒಂದಿಂಚು ಬಿಟ್ಟಿದ್ದರೆ ಗಾಳಿಗೂ ಕೂಗೀತು.

ಬ್ಯಾಟರಿ ಬದಲಿಸ್ತಿದ್ದಂಗೆ ಕಿರುಚೋಕೆ ಶುರು ಮಾಡ್ತು.

ಬಿಚ್ಚುವ ಮೊದಲು ಯಾವ ಸ್ಥಿತಿಯಲ್ಲಿತ್ತೋ ಅದನ್ನೇ ಕಾರು ನೆನಪಿಟ್ಟಿರುತ್ತದೆ. ಅನ್‌ಲಾಕ್ ಮಾಡಿ ಆಮೇಲೆ ಬ್ಯಾಟರಿ ಬಿಚ್ಚಿ, ನೆಗೆಟಿವ್ ಮೊದಲು. ಹಾಕುವಾಗ ನೆಗೆಟಿವ್ ಕೊನೆಗೆ. ಕೀ ಕೈಯಲ್ಲಿರಲಿ.

## ಗಾಡಿ ಸ್ಟಾರ್ಟ್ ಆಗದಿದ್ದಾಗ

ಸೆಲ್ಫ್ ಹೊಡೀತದೆ, ಗಾಡಿ ಹಿಡ್ಕೊಳ್ಳಲ್ಲ. ಇಲ್ಲಾಂದ್ರೆ ಹಿಡ್ಕೊಂಡು ಎರಡೇ ಸೆಕೆಂಡಿಗೆ ಆಫ್. ಇಮೊಬಿಲೈಸರ್ರೇನಾ?

ದೀಪವನ್ನೇ ಕೇಳಿ. ಇಗ್ನಿಷನ್ ಆನ್ ಆದಾಗ ಕೀ ಗುರುತಿನ ದೀಪ ಹತ್ತಿ ಆರಿತೋ, ಇಮೊಬಿಲೈಸರ್ ಒಪ್ಪಿದೆ. ಕಾರಿನೊಳಗಿನ ಪೆಟ್ರೋಲ್ ಪಂಪು, ಎಂಜಿನ್ ತಿರುಗುವುದನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಅದು ಪಟಪಟ ಮಿಣುಕುತ್ತಲೇ ಇದ್ದರೆ ಕೀ ಗುರುತು ಸಿಕ್ಕಿಲ್ಲ. ಆಗ ಹೀಗೆ ಮಾಡಿ.

ಇಗ್ನಿಷನ್ ಆಫ್ ಮಾಡಿ ಕೀ ಹೊರತೆಗೆಯಿರಿ. ಕೀ ಗೊಂಚಲಿನಿಂದ ಉಳಿದದ್ದನ್ನೆಲ್ಲ ಕಳಚಿ. ಇನ್ನೊಂದು ಕಾರಿನ ಚಿಪ್ ಕೀ ಪಕ್ಕದಲ್ಲೇ ತೂಗುತ್ತಿದ್ದರೆ ಎರಡೂ ಒಟ್ಟಿಗೆ ಮಾತಾಡಿ ಕೆಡಿಸುತ್ತವೆ. ಆಫೀಸಿನ, ಅಪಾರ್ಟ್‌ಮೆಂಟಿನ ಗೇಟ್ ಕಾರ್ಡುಗಳಲ್ಲೂ 125 ಕಿಲೋಹರ್ಟ್ಸಿನವು ಎಷ್ಟೋ ಇವೆ. ಒಂದು ನಿಮಿಷ ಬಿಟ್ಟು ಕೀ ಒಂದನ್ನೇ ಹಾಕಿ ನೋಡಿ. ಬಟನ್ ಸ್ಟಾರ್ಟ್ ಕಾರಿನಲ್ಲಿ ಕೀಯನ್ನು ಮೊಬೈಲಿನ ವೈರ್‌ಲೆಸ್ ಚಾರ್ಜಿಂಗ್ ತಟ್ಟೆಯ ಮೇಲೆ ಇಟ್ಟಿದ್ದೀರಾ ನೋಡಿ. ಆ ತಟ್ಟೆಯ ಆವರ್ತನ ಕೀಯದರ ಆಸುಪಾಸೇ.

ಆಮೇಲೆ ಎರಡನೇ ಕೀ. ಅದರಿಂದ ಸ್ಟಾರ್ಟ್ ಆದರೆ ಮೊದಲ ಕೀಯ ಚಿಪ್ಪು ಹೋಗಿದೆ, ಇಲ್ಲವೇ ಕೀ ಕವಚ ಬದಲಿಸಿದವರು ಚಿಪ್ಪನ್ನು ಹಳೆಯ ಕವಚದಲ್ಲೇ ಬಿಟ್ಟು ಎಸೆದಿದ್ದಾರೆ. ಹೊಸ ಮಡಚುವ ಕೀ ಕವಚದ ಆಸೆಗೆ ಹೀಗಾಗುವುದು ಅಪರೂಪವಲ್ಲ. ಎರಡೂ ಕೀಗೆ ಇಲ್ಲವೆಂದರೆ ಬ್ಯಾಟರಿ ಅಳೆಯಿರಿ. ನಿಂತಾಗ 12.4 ವೋಲ್ಟಿಗಿಂತ ಮೇಲಿರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಕೀ ಓದುವ ಪೆಟ್ಟಿಗೆ ನಡುವೆಯೇ ತಬ್ಬಿಬ್ಬಾಗುತ್ತದೆ. ಬ್ಯಾಟರಿಯೂ ಸರಿಯಿದ್ದರೆ ಉಳಿದದ್ದು ಬೀಗದ ಸುತ್ತಲಿನ ಸುರುಳಿ ಅಥವಾ ಅದರ ಕನೆಕ್ಟರ್. ಸ್ಟೀರಿಂಗ್ ಕವಚ ಬಿಚ್ಚಿ ಹೊರಗಿನ ಸೆಂಟ್ರಲ್ ಲಾಕ್, ಸ್ಟೀರಿಯೋ ಕೂರಿಸಿದ ಮೇಲೆ ಈ ಕನೆಕ್ಟರ್ ಅರ್ಧ ಕೂತಿರುವುದು ಸಾಮಾನ್ಯ. ಇಷ್ಟು ನೋಡದೆ ಇಸಿಎಂ ಹೋಗಿದೆ ಎಂದು ಸಾವಿರಾರು ರೂಪಾಯಿ ಹೇಳುವವರನ್ನು ನಂಬಬೇಡಿ.

ಬೆಂಗಳೂರು ರಸ್ತೇಲಿ ಹೋಗ್ತಿರುವಾಗ ಇಮೊಬಿಲೈಸರ್ ಎಂಜಿನ್ ನಿಲ್ಲಿಸಿಬಿಟ್ರೆ?

ಕಂಪನಿಯದ್ದು ನಿಲ್ಲಿಸುವುದಿಲ್ಲ. ಅದು ಕೀ ಕೇಳುವುದು ಸ್ಟಾರ್ಟ್ ಮಾಡುವಾಗ ಮಾತ್ರ. ಬಟನ್ ಕಾರಿನಲ್ಲಿ ಓಡುವಾಗ ಕೀ ಹೊರಗೆ ಹೋದರೂ ಬೀಪ್ ಬರುತ್ತದೆಯೇ ಹೊರತು ಎಂಜಿನ್ ಓಡುತ್ತಲೇ ಇರುತ್ತದೆ. ಮದ್ದೂರಲ್ಲಿ ವಡೆ ತಿನ್ನಲು ಇಳಿದ ಗಂಡ ಕೀ ಜೇಬಲ್ಲಿಟ್ಟುಕೊಂಡಿದ್ದು, ಹೆಂಡತಿ ಕಾರು ಮುಂದಕ್ಕೆ ತೆಗೆದುಕೊಂಡು ಹೋಗಿ ಆಫ್ ಮಾಡಿದರೆ ಆಗ ಮತ್ತೆ ಏಳದು. ಅಪಾಯ ಇರುವುದು ಹೊರಗೆ ಹಾಕಿಸಿದ ಎಂಜಿನ್ ಕಟ್ ರಿಲೇಗಳಲ್ಲಿ, ಅಂದರೆ ಎಂಜಿನ್ನಿನ ಕರೆಂಟು ಕಡಿಯುವ ಸ್ವಿಚ್ಚುಗಳಲ್ಲಿ. ಇಗ್ನಿಷನ್ ವೈರನ್ನೇ ಕತ್ತರಿಸಿ ನಡುವೆ ಸೇರಿಸಿದ ಅಗ್ಗದ ರಿಲೇ ಹೋದರೆ ಓಡುತ್ತಿರುವಾಗಲೇ ಎಂಜಿನ್ ಸಾಯುತ್ತದೆ. ಕಂಪನಿಯ ವಾರಂಟಿಗೂ ಅದರಿಂದ ಕುತ್ತು.

ಹಳೇ ಇಸಿಎಂ ಸಿಕ್ಕಿದೆ, ಅಗ್ಗ. ಹಾಕಿಸ್ಲಾ?

ನೇರವಾಗಿ ಹಾಕಿದರೆ ನಡೆಯದು. ಅದರ ನೆನಪಿನಲ್ಲಿ ಬೇರೆ ಕಾರಿನ ಗುಟ್ಟು ಇದೆ. ಮೊದಲ ಪೆಟ್ಟಿಗೆಯ ಮಾಹಿತಿಯನ್ನು ಅದಕ್ಕೆ ವರ್ಗಾಯಿಸಬೇಕು, ಇಲ್ಲವೇ ಅಳಿಸಿ ಹೊಸದಾಗಿ ಜೋಡಿಸಬೇಕು. ಎಲ್ಲ ಮಾದರಿಯಲ್ಲಿ ಎರಡೂ ಸಾಧ್ಯವಿಲ್ಲ. ಇಮೊಬಿಲೈಸರನ್ನೇ ಸಾಫ್ಟ್‌ವೇರಿನಲ್ಲಿ ತೆಗೆದುಹಾಕಿಸುವುದು ಬೇಡ. ಅಂಥ ಕಾರಿಗೆ ಯಾವ ಕಬ್ಬಿಣದ ಕೀಯಾದರೂ ಸಾಕು, ವಿಮೆಯವರ ಮುಂದೆಯೂ ಉತ್ತರ ಇರುವುದಿಲ್ಲ.

## ಇನ್ನಷ್ಟು ಒಳಗೆ

ಇಷ್ಟೆಲ್ಲ ಇದ್ರೂ ಕಾರು ಕದೀತಾರಲ್ಲ, ಹೇಗೆ?

ಮೂರು ದಾರಿ ಮುಖ್ಯ. ಮೊದಲನೆಯದು ಚಿಪ್ಪಿನ ಗಣಿತವನ್ನೇ ಮುರಿಯುವುದು. 40 ಬಿಟ್ ಗುಟ್ಟಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದವರು 2005ರಲ್ಲಿ ಮುರಿದು ತೋರಿಸಿದರು. ಈಗ ಎಇಎಸ್ ಎಂಬ ಗಟ್ಟಿ ಗೂಢಲಿಪಿ ಬಳಸುವ 128 ಬಿಟ್ಟಿನ ಚಿಪ್ಪುಗಳು ಬಂದಿವೆ.

ಎರಡನೆಯದು ರಿಲೇ, ಅಂದರೆ ಸಂಕೇತವನ್ನು ಕೈಯಿಂದ ಕೈಗೆ ದಾಟಿಸುವುದು. ಸ್ಮಾರ್ಟ್ ಕೀ ಕಾರು ಕರೆದ ಕೂಡಲೇ ಓಗೊಡುತ್ತದೆ. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆ ಬಾಗಿಲ ಬಳಿ ಉಪಕರಣ ಹಿಡಿದು ಆ ಕರೆಯನ್ನು ಒಳಗಿನ ಕೀವರೆಗೆ ದಾಟಿಸುತ್ತಾರೆ. ಗಣಿತ ಮುರಿಯಬೇಕಿಲ್ಲ, ಕೀ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಮುಂಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕುವ ಅಭ್ಯಾಸ ಬಿಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿ ಹಿಡಿದು ಕಾರಿನ ಬಳಿ ಹೋಗಿ ಬಾಗಿಲು ತೆರೆಯುತ್ತದೆಯೇ ಪರೀಕ್ಷಿಸಿ. ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ.

ಮೂರನೆಯದು ಕಾರಿನ ಒಳಗಿನ ವೈರಿಗೇ ಕೈ ಹಾಕುವುದು: ಒಬಿಡಿ ಪೋರ್ಟಿನಿಂದ ಹೊಸ ಕೀ ಸೇರಿಸುವುದು, ಅಥವಾ 2023ರಲ್ಲಿ ಬೆಳಕಿಗೆ ಬಂದಂತೆ ಹೆಡ್‌ಲೈಟಿನ ವೈರು ಎಳೆದು ಕೀ ಸರಿಯಿದೆ ಎಂಬ ಸುಳ್ಳು ಸಂದೇಶ ತುರುಕುವುದು. ಇದಕ್ಕೆ ಸಾಮಾನ್ಯರ ಉತ್ತರ ಸ್ಟೀರಿಂಗ್ ಅಥವಾ ಗೇರಿಗೆ ಹಾಕುವ ಗಟ್ಟಿ ಕಬ್ಬಿಣದ ಬೀಗ. ಹಳೆಯ ಕಾಲದ್ದು ಅನ್ನಿಸಿದರೂ ಇದನ್ನೇ ಹೆಚ್ಚು ಶಿಫಾರಸು ಮಾಡುತ್ತೇವೆ.

ಇಮೊಬಿಲೈಸರ್ ಇಲ್ಲದಿದ್ರೆ ನಿಜಕ್ಕೂ ಅಷ್ಟು ವ್ಯತ್ಯಾಸ ಆಗುತ್ತಾ?

ಜರ್ಮನಿ, ಬ್ರಿಟನ್ 1998ರಲ್ಲಿ, ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಅಲ್ಲಿ 2015ರ ಮಾದರಿಗಳಲ್ಲಿ ಉಳಿದ ಕಂಪನಿಗಳ ಶೇ. 96ರಷ್ಟು ಕಾರುಗಳಲ್ಲಿ ಇಮೊಬಿಲೈಸರ್ ಇದ್ದರೆ, ಹ್ಯುಂಡೈ-ಕಿಯಾದಲ್ಲಿ ಶೇ. 26 ಮಾತ್ರ. ಆ ಕಾರುಗಳನ್ನು ಕದಿಯುವ ಬಗೆ ಸಾಮಾಜಿಕ ಜಾಲತಾಣದಲ್ಲಿ ಹರಡಿ ಹುಡುಗರೆಲ್ಲ ಕದಿಯತೊಡಗಿದರು. ಗಮನಿಸಿ, ಅದು ಅಮೆರಿಕದ ಮಾದರಿಗಳ ಮಾತು.

ಇದಕ್ಕೆ ಇನ್ಶೂರೆನ್ಸಲ್ಲಿ ಏನಾದ್ರೂ ಬಿಡ್ತಾರಾ?

ಮೋಟಾರ್ ಟ್ಯಾರಿಫಿನ (ವಾಹನ ವಿಮೆಯ ದರಪಟ್ಟಿ) ಲೆಕ್ಕದಲ್ಲಿ, ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ನಷ್ಟದ) ಪ್ರೀಮಿಯಂನಲ್ಲಿ ಶೇ. 2.5, ಗರಿಷ್ಠ 500 ರೂಪಾಯಿ ರಿಯಾಯಿತಿ. ಪ್ರಮಾಣಪತ್ರ ಕೇಳುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂದು ನವೀಕರಣಕ್ಕೆ ಮೊದಲೇ ಕೇಳಿ.

ಅದಕ್ಕಿಂತ ದೊಡ್ಡ ವಿಷಯ ಕ್ಲೇಮು. ಕಾರು ಕಳುವಾದರೆ ವಿಮಾ ಕಂಪನಿ ಎಫ್‌ಐಆರ್, ಆರ್‌ಸಿ, ಪತ್ತೆಯಾಗಿಲ್ಲವೆಂಬ ಪೊಲೀಸರ ಸಿ ರಿಪೋರ್ಟಿನ ಜೊತೆಗೆ ಎರಡೂ ಮೂಲ ಕೀ ಕೇಳುತ್ತದೆ. ಒಂದು ಕೀ ಇಲ್ಲವೆಂದರೆ ಕಾರಿನಲ್ಲೇ ಬಿಟ್ಟಿದ್ದಿರಿ ಎಂಬ ವಾದ ಬರುತ್ತದೆ. ಕೀ ಕಳೆದಾಗಲೇ ಪೊಲೀಸ್ ಸ್ವೀಕೃತಿ ಮತ್ತು ಹೊಸ ಕೀಯ ಬಿಲ್ಲು ಪಡೆದು ಪಾಲಿಸಿ ಕಾಗದದ ಜೊತೆ ಇಡಬೇಕಾದದ್ದು ಇದಕ್ಕೇ. ಹಳೆಯ ಕಾರು ಕೊಳ್ಳುವವರು ಎರಡೂ ಕೀ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.